ಸಿಟ್ಟಿನ ನಂಟರು ಬೇಕಾಗಿದ್ದಾರೆ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ನಾನು ಇನ್‌ಕ್ಯುಬೇಟರಿನ ಬಾಗಿಲು ತೆರೆದಾಗ, ಇಂದುಮತಿ ಪತ್ತಾರ ಅವರ ಕ್ಯಾನ್ಸರ್ ಕೋಶಗಳು ಮೂರೂ ಔಷಧಿಗಳನ್ನು ಅರಗಿಸಿಕೊಂಡು ತಟ್ಟೆಯ ತುಂಬ ಬೆಳೆದಿದ್ದವು. ಔಷಧಿ ಹಾಕಿದ ತಟ್ಟೆ ಯಾವುದು, ಹಾಕದೆ ಬಿಟ್ಟದ್ದು ಯಾವುದು ಎಂದು ಸೂಕ್ಷ್ಮದರ್ಶಕದಲ್ಲಿ ಗುರುತಿಸಲು ಸಾಧ್ಯವಿರಲಿಲ್ಲ. ಮುಚ್ಚಳದ ಮೇಲೆ ನಾನೇ ಬರೆದ ಅಂಕಿಗಳನ್ನು ನೋಡಿ ತಿಳಿಯಬೇಕಾಯಿತು. ಹೀಗಾಗಿದ್ದು ಎರಡನೆಯ ಸಲ. ಆಸ್ಪತ್ರೆ ನಮಗೆ ಕೊಟ್ಟಿದ್ದ ಗಡ್ಡೆಯ ಚೂರಿನಿಂದ ಮೂರು ಸೀಸೆಗಳಷ್ಟು ಕೋಶಗಳನ್ನು ಹೆಪ್ಪುಗಟ್ಟಿಸಿ ಇಟ್ಟಿದ್ದೆವು. ಈಗ ಉಳಿದಿದ್ದು ಒಂದು.

ಎಂಟಕ್ಕೆ ಇಂದುಮತಿಯವರ ಅಕ್ಕ ಕಸ್ತೂರೆವ್ವ ಬಂದರು. ಕೈಯಲ್ಲಿ ಎಂದಿನ ಚೀಲ, ಅದರಲ್ಲಿ ಹೆಣಿಗೆಯ ಕಡ್ಡಿ, ಚುರುಮುರಿ, ನೀರಿನ ತಂಬಿಗೆ.

"ಹೆಂಗದಾವ ನಮ್ಮವು?" ಎಂದು ಕೇಳಿದರು.

"ತಟ್ಟಿ ತುಂಬ್ಯಾವ," ಎಂದೆ.

"ನಮ್ಮವ್ವಾ!" ಎಂದು ಅವರು ಇನ್‌ಕ್ಯುಬೇಟರಿನ ಕಡೆ ಎರಡೂ ಕೈ ಚಾಚಿ ನಿವಾಳಿಸಿ, ಬೆರಳುಗಳನ್ನು ಹಣೆಗೊತ್ತಿ ಲಟಕ್ಕೆಂದು ನೆಟಿಕೆ ಮುರಿದರು. "ನನಗ ಗೊತ್ತಿತ್ತು. ನಮ್ಮ ಇಂದೂ ಗಟ್ಟಿಗಿತ್ತಿ."

"ಕಸ್ತೂರಕ್ಕ, ಅದು ಬೆಳೀಬಾರದು. ಎಷ್ಟು ಸಲ ಹೇಳಲಿ? ಅದು ನಿಮ್ಮ ತಂಗಿ ಅಲ್ಲ, ತಂಗಿಯ ಬ್ಯಾನಿ. ಔಷಧಿ ಹಾಕಿದ ತಟ್ಟಿಯೊಳಗ ಅದು ಸಾಯಬೇಕು."

"ಬ್ಯಾನಿನೂ ಆಕಿದೇ ಅಲ್ಲೇನು? ಮಂದಿದ ಎಲ್ಲೈತಿ?"

ಅವರು ಬೆಂಚಿನ ಮೇಲೆ ಕೂತು ಹೆಣಿಗೆ ತೆಗೆದರು.

ನಮ್ಮ ಊರಿನಲ್ಲಿ ರಕ್ತಸಂಬಂಧಿಯೊಬ್ಬರು ಅದೇ ಕೋಣೆಯಲ್ಲಿ ಕೂತಿರದಿದ್ದರೆ ತಟ್ಟೆಯಲ್ಲಿಟ್ಟ ಕೋಶಗಳು ಬದುಕುವುದಿಲ್ಲ. ಬೇರೆ ಊರುಗಳಲ್ಲಿ ಹಾಗಿಲ್ಲವಂತೆ. ನಾನು ಈ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರುವ ಮೊದಲೇ ಗೋಡೆಗೆ ತಾಗಿಸಿ ಉದ್ದನೆಯ ಬೆಂಚು ಹಾಕಿದ್ದರು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಅಲ್ಲಿ ಯಾರದಾದರೂ ತಾಯಿ, ಯಾರದಾದರೂ ಚಿಕ್ಕಪ್ಪ ಕೂತಿರುತ್ತಾರೆ. ರಾತ್ರಿ ನಂಟರು ಮನೆಗೆ ಹೋಗುತ್ತಾರೆ, ಕೋಶಗಳೂ ತಟಸ್ಥವಾಗಿರುತ್ತವೆ; ಹಗಲಿನಲ್ಲಿ ಬೆಂಚು ಖಾಲಿಯಾದರೆ ಮಾತ್ರ ಸಾಯುತ್ತವೆ. ಅಂಗಡಿಗಳ ಮೇಲೆ 'ಕೂಡಲು ಹೋಗಿದ್ದೇವೆ, ಸಂಜೆ ಬರುತ್ತೇವೆ' ಎಂಬ ಫಲಕ ನೇತಾಡುವುದು ನಮ್ಮಲ್ಲಿ ಮಾಮೂಲು. ಹೆಣ್ಣು ನೋಡಲು ಬಂದವರು ಹೊಲ, ಮನೆ ವಿಚಾರಿಸಿದ ಮೇಲೆ "ನಿಮ್ಮ ಪೈಕಿ ಕೂಡೋರು ಎಷ್ಟು ಮಂದಿ?" ಎಂದೂ ಕೇಳುತ್ತಾರೆ. ಅಳಿಯಂದಿರು, ಸೊಸೆಯಂದಿರು ಲೆಕ್ಕಕ್ಕಿಲ್ಲ. ಕೂತು ನೋಡಿದ ಅಳಿಯಂದಿರಿದ್ದಾರೆ. ಸಂಜೆಯ ಹೊತ್ತಿಗೆ ತಟ್ಟೆ ಖಾಲಿಯಾಗಿ ಅವರಿಗೆ ಅವಮಾನವಾಗಿದೆ.

ನಾನು ಓದಿದ್ದು ಜೀವವಿಜ್ಞಾನ. ನನ್ನ ಕೆಲಸದ ಅರ್ಧ ಭಾಗ ಕೋಶಗಳಿಗೆ ಆಹಾರ ಬದಲಾಯಿಸುವುದು, ಎಣಿಸುವುದು. ಇನ್ನರ್ಧ, ಬೆಂಚಿನ ಮೇಲೆ ಉಪ್ಪಿನಕಾಯಿ ಬಿಚ್ಚಬೇಡಿ, ಇನ್‌ಕ್ಯುಬೇಟರಿಗೆ ಊದಿನಕಡ್ಡಿ ಬೆಳಗಬೇಡಿ, ಮೂತ್ರಕ್ಕೆ ಹೋದವರು ದಾರಿಯಲ್ಲಿ ಸಿಕ್ಕವರ ಜೊತೆ ಮಾತಿಗೆ ನಿಲ್ಲಬೇಡಿ ಎಂದು ಹೇಳುವುದು. ನಮ್ಮ ಪ್ರಬಂಧಗಳಲ್ಲಿ ತಾಪಮಾನದ ಪಕ್ಕದಲ್ಲಿ 'ಕೂತವರು: ಹಿರಿಯ ಮಗಳು' ಎಂದು ಬರೆಯಲೇಬೇಕಾಗುತ್ತದೆ. ಹೊರಗಿನ ಪತ್ರಿಕೆಗಳು ಅವನ್ನು ವಾಪಸು ಕಳಿಸುತ್ತವೆ.

ಕೂತವರ ಅಕ್ಕರೆ ಹೆಚ್ಚಾದಷ್ಟೂ ಕೋಶಗಳು ಹೆಚ್ಚು ಬೆಳೆಯುತ್ತವೆ ಎಂಬುದು ಬೆಂಚಿನ ಪಕ್ಕ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ಸಾಮಾನ್ಯ ಅಕ್ಕರೆಗೆ ಔಷಧಿ ಬಗ್ಗುವುದಿಲ್ಲ, ಅದರಿಂದ ಹೆಚ್ಚಾದ ಬೆಳವಣಿಗೆಯನ್ನು ಲೆಕ್ಕದಲ್ಲಿ ಕಳೆದುಬಿಡುತ್ತೇವೆ. ಕಸ್ತೂರೆವ್ವನವರದು ಸಾಮಾನ್ಯವಾಗಿರಲಿಲ್ಲ. ತಾಯಿಗೆ ಮೈ ಹುಷಾರಿಲ್ಲದ ಕಾಲದಲ್ಲಿ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ನಾನು ಬೇರೆ ಕೋಣೆಗೆ ಹೋದಾಗ ಇನ್‌ಕ್ಯುಬೇಟರಿನ ಗಾಜಿಗೆ ಬಾಯಿಟ್ಟು ಜೋಗುಳ ಹಾಡುತ್ತಿದ್ದರು. ನಾನು ಬಂದರೆ ಕೆಮ್ಮಿದಂತೆ ಮಾಡುತ್ತಿದ್ದರು.

ಪ್ರಯೋಗಾಲಯದ ಮುಖ್ಯಸ್ಥರಾದ ಡಾ. ಹಂಪಿಹೊಳಿ ಹತ್ತಕ್ಕೆ ಬಂದು ತಟ್ಟೆಗಳನ್ನು ನೋಡಿದರು. "ವಿನೋದಾ, ಶನಿವಾರ ಆಸ್ಪತ್ರೆಯವರಿಗೆ ಉತ್ತರ ಕೊಡಬೇಕು," ಎಂದರು.

"ಗೊತ್ತು ಸರ್."

"ಆ ಹೆಣ್ಣುಮಗಳ ಮೈ ಒಂದು ಔಷಧಿ ತಡಕೊಂಡರ ಹೆಚ್ಚು. ಒಂದು ತಪ್ಪಿದರ ಇನ್ನೊಂದು ನೋಡೂಣು ಅನ್ನೂ ಹಂಗಿಲ್ಲ. ನಾವು ಹೇಳದಿದ್ದರ ಅವರು ಕಣ್ಣು ಮುಚ್ಚಿ ಒಂದನ್ನ ಎತ್ತತಾರ."

"ಮೂರನೇ ಸೀಸೆ ಐತಿ ಸರ್. ಆದರ ಕಸ್ತೂರಕ್ಕ ಕುಂತರ ಮತ್ತ ಇದೇ ಹಣೆಬರಹ."

"ಹಂಗಾದರ ಬ್ಯಾರೆ ನಂಟರನ್ನ ಹುಡುಕು. ಪ್ರೀತಿ ಕಡಿಮಿ ಇರೋರನ್ನ." ಅವರು ಅದನ್ನು ಬೇರೆ ಕಂಪನಿಯ ಪಿಪೆಟ್ ತರಿಸು ಎನ್ನುವ ಹಾಗೆ ಹೇಳಿ ಹೋದರು.

ಆಸ್ಪತ್ರೆ ನಮ್ಮ ಕಟ್ಟಡದ ಹಿಂದೆಯೇ ಇದೆ. ರೋಗಿಗಳನ್ನು ನೋಡುವ ಸಮಯ ಸಂಜೆ ನಾಲ್ಕರಿಂದ ಐದು, ಒಂದು ನಿಮಿಷ ಆಚೀಚೆಯಿಲ್ಲ. ನಾಲ್ಕಕ್ಕೆ ವಾರ್ಡಿಗೆ ಹೋದೆ. ಇಂದುಮತಿ ಪತ್ತಾರ ಮೂವತ್ತು ವರ್ಷ ನಮ್ಮ ಬಸ್ ನಿಲ್ದಾಣದಲ್ಲಿ ಬಸ್ಸುಗಳನ್ನು ಕೂಗಿದವರು. ಊರಿನಲ್ಲಿ ಎಲ್ಲರೂ ಅವರನ್ನು ಮೈಕ್ ಇಂದಕ್ಕ ಎನ್ನುತ್ತಾರೆ. ಅವರು ಹಾಸಿಗೆ ಹಿಡಿದ ಮೇಲೂ ನಿಲ್ದಾಣದಲ್ಲಿ ಅವರ ದನಿಯೇ ನಡೆಯುತ್ತಿದೆ, ಧ್ವನಿಮುದ್ರಣದಲ್ಲಿ. ಆ ದನಿಯನ್ನು ದಿನವೂ ಕೇಳುತ್ತಿದ್ದ ನನಗೆ ದಿಂಬಿನ ಮೇಲಿದ್ದ ಆ ಚಿಕ್ಕ ಮುಖ ಅದರದೇ ಎಂದು ನಂಬುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

ವಿಷಯ ಹೇಳಿದೆ. ಅವರು ನಕ್ಕರು. "ಕಸ್ತೂರಿ ಹಂಗೇ. ಸಣ್ಣಾಕಿದ್ದಾಗ ನನಗ ತಿನ್ನಿಸಿ ತಿನ್ನಿಸಿ ವಾಂತಿ ಮಾಡಿಸ್ತಿದ್ದಳು."

"ಇಂದಕ್ಕ, ನಿಮ್ಮ ಮ್ಯಾಲೆ ಪ್ರೀತಿ ಇಲ್ಲದ ನಂಟರು ಯಾರರ ಅದಾರೇನು?" ಎಂದು ಕೇಳಿದೆ. ಸಾಯುವ ಭಯದಲ್ಲಿರುವವರನ್ನು ಕೇಳುವ ಪ್ರಶ್ನೆಯಲ್ಲ ಇದು. ಆದರೆ ಅದೇ ನನ್ನ ಕೆಲಸವಾಗಿತ್ತು.

"ಒಬ್ಬ ಅದಾನ. ನಮ್ಮ ಮೌನ್ಯಾ. ತಮ್ಮ. ಸರಾಫ ಓಣಿಯೊಳಗ ಅಂಗಡಿ. ಹದಿನಾರು ವರ್ಷ ಆತು, ಮಾರಿ ತೋರಿಸಿಲ್ಲ."

"ಇನ್ನೂ ಸಿಟ್ಟು ಐತ್ಯೋ, ಹೆಂಗ?"

"ಬ್ಯಾರೆ ಏನರ ಕಡಿಮಿ ಇರಬಹುದು ಅವನ ಹತ್ತಿರ. ಸಿಟ್ಟಿಗೇನು ಕೊರತಿ ಇಲ್ಲ." ಆಮೇಲೆ ಹೊದಿಕೆಯ ಅಂಚನ್ನು ಸರಿಮಾಡುತ್ತ, "ಬಂದರ ಇತ್ತಲಾಗೂ ಒಂದೀಟು ಕಳಸವಾ," ಎಂದರು.

"ಶನಿವಾರದ ತನಕಾ ಆಗಂಗಿಲ್ಲ. ಅವರು ನಿಮ್ಮ ಮ್ಯಾಲೆ ಸಿಟ್ಟಾಗೇ ಇರಬೇಕು."

ಅವರು ಹೊದಿಕೆಯ ಅಂಚನ್ನು ಮತ್ತೊಮ್ಮೆ ಸರಿಮಾಡಿದರು. ಐದು ಹೊಡೆಯಿತು. ಹಿರಿಯ ನರ್ಸ್ ನನ್ನನ್ನು ಹೊರಗೆ ಹಾಕಿದರು.

ಮೌನೇಶಪ್ಪ ಪತ್ತಾರರ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಅವರು ಕುಲುಮೆಯ ಮುಂದೆ ಕೂತು ಮೂಗುತಿಯೊಂದಕ್ಕೆ ತಿರುಪು ಕೂಡಿಸುತ್ತಿದ್ದರು. ನಾನು ಯಾರು, ಯಾಕೆ ಬಂದೆ ಎಂದು ಹೇಳಿ ಮುಗಿಸುವವರೆಗೆ ತಲೆ ಎತ್ತಲಿಲ್ಲ.

"ಆಕಿ ಮಾರಿ ನೋಡಬೇಕೇನು?"

"ಬ್ಯಾಡ್ರಿ. ನೋಡಲೇಬಾರದು."

"ಮಾತಾಡಬೇಕೇನು?"

"ಅದೂ ಬ್ಯಾಡ. ಬೆಂಚಿನ ಮ್ಯಾಲೆ ಕುಂತರ ಸಾಕು."

"ಮತ್ತ ಅಯ್ಯೋ ಪಾಪ ಅನ್ನಬೇಕೇನು?"

"ದಯವಿಟ್ಟು ಅನ್ನಬ್ಯಾಡ್ರಿ," ಎಂದೆ. ಬೇರೆ ಯಾವ ನಂಟರನ್ನೂ ಅಷ್ಟು ಮನಸ್ಸಿಟ್ಟು ಏನನ್ನೂ ಕೇಳಿರಲಿಲ್ಲ.

ಅವರು ಮೂಗುತಿಯನ್ನು ಕೆಳಗಿಟ್ಟು ಮೊದಲ ಸಲ ನನ್ನನ್ನು ನೋಡಿದರು. "ಇದು ಚಲೋ ಐತಿ. ಇಲ್ಲೀತನಕಾ ಬಂದೋರೆಲ್ಲಾ ಸಿಟ್ಟು ಬಿಡು ಅಂತ ಹೇಳಾಕ ಬಂದೋರು. ಬರ್ತೀನಿ ನಡೀರಿ."

ಮರುದಿನ ಬೆಳಿಗ್ಗೆ ಎಂಟಕ್ಕೆ ಮೂರನೆಯ ಸೀಸೆಯ ಕೋಶಗಳನ್ನು ನಾಲ್ಕು ತಟ್ಟೆಗಳಿಗೆ ಹಂಚಿದೆ. ಮೂರಕ್ಕೆ ಒಂದೊಂದು ಔಷಧಿ, ನಾಲ್ಕನೆಯದಕ್ಕೆ ಏನೂ ಇಲ್ಲ. ಮೌನೇಶಪ್ಪ ಬೆಂಚಿನ ತುದಿಯಲ್ಲಿ ಕೂತು ಪತ್ರಿಕೆ ಬಿಡಿಸಿದರು. ಬೆಂಚು ಗಟ್ಟಿ, ಫ್ಯಾನು ಸದ್ದು, ಚಹಾ ಕಲಗಚ್ಚು ಎಂದು ಒಂದೊಂದಾಗಿ ಹೇಳಿದರು. ನನಗೆ ಸಮಾಧಾನವಾಯಿತು. ಒಂಬತ್ತೂವರೆಗೆ ಕಿಟಕಿಯಿಂದ ಇಂದುಮತಿಯವರ ದನಿ ಬಂತು: ಪ್ರಯಾಣಿಕರ ಗಮನಕ್ಕೆ, ಎರಡನೆಯ ಅಂಕಣದಲ್ಲಿ ನಿಂತಿರುವ ಬಸ್ಸು ಇನ್ನು ಕೆಲವೇ ನಿಮಿಷಗಳಲ್ಲಿ ಹೊರಡಲಿದೆ. ಬಸ್ ನಿಲ್ದಾಣ ನಮ್ಮ ಕಟ್ಟಡದ ಎದುರಿಗಿದೆ ಎಂಬುದನ್ನು ನಾನು ಮರೆತಿದ್ದೆ. ಮೌನೇಶಪ್ಪ ಎದ್ದು ಹೋಗಿ ಕಿಟಕಿಯನ್ನು ಧಡಾರನೆ ಮುಚ್ಚಿ, ಅಗುಳಿ ಹಾಕಿ, ಮತ್ತೆ ಬಂದು ಕೂತರು.

"ಈ ದನಿ ಕೇಳಬಾರದಂತ ಹದಿನಾರು ವರ್ಷದಿಂದ ನಾನು ಬಸ್ ಹತ್ತಿಲ್ಲ. ಎಲ್ಲಿ ಹೋಗೂದಿದ್ರೂ ರೈಲು. ರೈಲಿಲ್ಲದ ಊರಿನ ಮದುವಿಗೆ ಹೋಗಿಲ್ಲ," ಎಂದರು.

"ಏನು ಮಾಡಿದರು ಅವರು?" ಎಂದು ಕೇಳಿದೆ. ಸಿಟ್ಟು ಹಸಿಯಾಗಿರಲಿ ಎಂಬುದೇ ನನ್ನ ಉದ್ದೇಶವಾಗಿತ್ತು.

ಅವರು ಹೇಳಿದರು. ತಾಯಿಗೆ ಹುಷಾರಿರಲಿಲ್ಲ. ಇವರು ಬಂಗಾರದ ಕೆಲಸದ ಮೇಲೆ ಪರ ಊರಿಗೆ ಹೊರಟು ನಿಲ್ದಾಣದಲ್ಲಿ ಬಸ್ಸಿಗಾಗಿ ನಿಂತಿದ್ದರು. ಆಗ ಮೈಕಿನಲ್ಲಿ ಬಂತು: ಮೂರನೆಯ ಅಂಕಣದ ಬಸ್ಸು ಹೊರಡಲಿದೆ. ಮೌನೇಶ ಪತ್ತಾರ, ಎಲ್ಲಿದ್ದರೂ ಮನೆಗೆ ಬರಬೇಕು, ಅಮ್ಮ ತೀರಿಕೊಂಡಿದ್ದಾರೆ. ಪ್ರಯಾಣಿಕರು ತಮ್ಮ ಸಾಮಾನುಗಳ ಬಗ್ಗೆ ಎಚ್ಚರ ವಹಿಸಬೇಕು.

"ಹಿಂದ ಬಸ್ಸು, ಮುಂದ ಸಾಮಾನು, ನಡಬರಕ ನಮ್ಮವ್ವ," ಎಂದರು ಮೌನೇಶಪ್ಪ. "ದನಿ ಒಂದೀಟು ನಡುಗಲಿಲ್ಲ ನೋಡ್ರಿ. ಶೇಂಗಾ ಮಾರೋನು ನನ್ನ ಮಾರಿ ನೋಡಿದ. ಮೈಕಿನ ಖೋಲಿಯಿಂದ ಇಳದು ಬಂದು ಹೇಳಾಕ ಆಕಿಗೆ ಕಾಲಿರಲಿಲ್ಲೇನು?"

ಸಂಜೆ ಎಣಿಸಿದಾಗ ಔಷಧಿಯಿಲ್ಲದ ತಟ್ಟೆಯಲ್ಲಿ ಕೋಶಗಳು ಬೇಕಾದಷ್ಟೇ, ಪುಸ್ತಕದಲ್ಲಿ ಬರೆದಷ್ಟೇ ಬೆಳೆದಿದ್ದವು. ಈ ಬೆಂಚಿನ ಇತಿಹಾಸದಲ್ಲಿ ಅಷ್ಟು ಶುದ್ಧ ಅಂಕಿಯನ್ನು ನಾನು ನೋಡಿರಲಿಲ್ಲ. ಎರಡನೆಯ ತಟ್ಟೆಯ ಕೋಶಗಳು ಸ್ವಲ್ಪ ಸುಕ್ಕುಗಟ್ಟಿದ ಹಾಗೆ ಕಂಡವು. ಮೊದಲನೆಯದು, ಮೂರನೆಯದು ಹಾಗೆಯೇ ಇದ್ದವು. ಡಾ. ಹಂಪಿಹೊಳಿ "ಇವರನ್ನ ಕಾಯಂ ಇಟ್ಟುಕೊಳ್ಳಾಕ ಬರತದೇನು?" ಎಂದರು.

ಎರಡನೆಯ ದಿನ ಮೂರು ಗಂಟೆಗೆ ಕಸ್ತೂರೆವ್ವ ಡಬ್ಬಿಯೊಂದನ್ನು ತಂದು ಬಾಗಿಲಲ್ಲಿ ನಿಂತರು. "ಇಂದೂ ಹೇಳಿ ಮಾಡಿಸ್ಯಾಳ. ಬೆಲ್ಲ, ಏಲಕ್ಕಿ ಹಾಕಿದ ಮಾದಲಿ. ಮೌನ್ಯಾಗ ಭಾಳ ಸೇರತೈತಿ."

"ಒಳಗ ತರಬ್ಯಾಡ್ರಿ!" ಎಂದು ಅವರನ್ನು ಮೊಗಸಾಲೆಗೆ ದೂಡಿದೆ. "ಶನಿವಾರ ಕೊಡ್ರಿ. ಶನಿವಾರ ಒಂದು ಬುಟ್ಟಿ ಕೊಡ್ರಿ."

"ಒಡಹುಟ್ಟಿದವರನ್ನ ಅಗಲಸಾಕ ಸಂಬಳ ಕೊಡತಾರೇನವಾ ನಿನಗ?"

"ಹೌದ್ರಿ, ಈ ವಾರ ಅದೇ ಕೆಲಸ," ಎಂದೆ. ಡಬ್ಬಿಯನ್ನು ಆಮ್ಲಗಳ ಕಪಾಟಿನ ಮೇಲೆ ಬಚ್ಚಿಟ್ಟೆ. ಬಂದು ನೋಡಿದರೆ ಮೌನೇಶಪ್ಪ ಮೂಗು ಎತ್ತಿ ಗಾಳಿ ಹಿಡಿಯುತ್ತಿದ್ದರು.

"ಏಲಕ್ಕಿ ವಾಸನಿ ಬಂತಲ್ಲ?"

"ಫಿನೈಲ್ ಇರಬೇಕ್ರಿ."

ಅವರು ನಂಬಿದ ಹಾಗೆ ಕಾಣಲಿಲ್ಲ. ಹೇಗೂ ಇರಲಿ ಎಂದು ನಾನು ಮತ್ತೆ ಬಸ್ ನಿಲ್ದಾಣದ ವಿಷಯ ತೆಗೆದೆ. ಅವರು ಮತ್ತೆ ಹೇಳಿದರು. ಬಸ್ಸು, ಅವ್ವ, ಸಾಮಾನು ಎಲ್ಲ ಅದೇ ಕ್ರಮದಲ್ಲಿತ್ತು. ಆದರೆ ಈ ಸಲ ಶೇಂಗಾ ಮಾರುವವನು ಅವರನ್ನು ಕೈಹಿಡಿದು ಕೂರಿಸಿ ನೀರು ಕೊಟ್ಟಿದ್ದ. ಹಿಂದಿನ ದಿನ ಅವನು ನೋಡಿದ್ದನಷ್ಟೇ. ವರದಿಯಲ್ಲಿ ಹೊಸ ವಿವರ ಸೇರಿದರೆ ನನಗೆ ಕೂಡಲೇ ಗೊತ್ತಾಗುತ್ತದೆ. ಸಂಜೆಯ ಎಣಿಕೆ ಪುಸ್ತಕದ ಅಂಕಿಯನ್ನು ತುಸು ದಾಟಿತ್ತು.

ಮೂರನೆಯ ದಿನ ಶುಕ್ರವಾರ. ಮೌನೇಶಪ್ಪ ಬಂದಾಗ ಪತ್ರಿಕೆ ತಂದಿರಲಿಲ್ಲ. ಒಂಬತ್ತೂವರೆಗೆ ಕಿಟಕಿಯ ಆಚೆ ಎರಡನೆಯ ಅಂಕಣದ ಬಸ್ಸು ಹೊರಡಲಿದೆ ಎಂದು ಬಂತು. ಅವರು ಏಳಲಿಲ್ಲ. ಓಡಿಹೋಗಿ ನಾನೇ ಮುಚ್ಚಿದೆ.

"ಇರಲಿ ಬಿಡ್ರಿ, ಧಗಿ ಐತಿ," ಎಂದರು.

"ಹೊರಗಿನ ಧೂಳು ಬರತೈತ್ರಿ," ಎಂದೆ. "ಅವತ್ತು ದನಿ ನಡುಗಲಿಲ್ಲ ಅಂದಿರಲ್ಲ, ಎಂಥಾ ಗಟ್ಟಿ ಮನಸು ನೋಡ್ರಿ ಅವರದು."

ಇದಕ್ಕಿಂತ ಹೆಚ್ಚು ನೇರವಾಗಿ ಯಾರನ್ನೂ ಯಾರ ಮೇಲೂ ಎತ್ತಿಕಟ್ಟಿದವಳಲ್ಲ ನಾನು. ಆದರೆ ಅವರು ನನ್ನ ಮಾತನ್ನು ಕೇಳಿಸಿಕೊಂಡಿರಲಿಲ್ಲ.

"ಮೈಕು ಬಂದ್ ಮಾಡಿರಲಿಲ್ಲ ಆಕಿ," ಎಂದರು.

"ಏನಂದ್ರಿ?"

"ಸಾಮಾನು ಜ್ವಾಕಿ ಅಂದ ಮ್ಯಾಲೆ ಟಕ್ ಅಂತ ಸಪ್ಪಳ ಬರಬೇಕು, ಬಂದ್ ಮಾಡಿದ್ದು. ಅವತ್ತು ಬರಲಿಲ್ಲ. ಏನೋ ಸುಂಯ್ ಅಂತಿತ್ತು, ಭಾಳ ಹೊತ್ತು. ಆಮ್ಯಾಲೆ ಒಂದು ಕುರ್ಚಿ ಬಿದ್ದಿದ್ದು." ನಾನು ಏನಾದರೂ ಹೇಳಿ ತಡೆಯಬೇಕೆಂದುಕೊಂಡೆ, ಹೊಳೆಯಲಿಲ್ಲ. "ಅವತ್ತು ಸಂಜಿತನಕಾ ಒಂದು ಬಸ್ಸೂ ಕೂಗಲಿಲ್ಲ ನೋಡ್ರಿ ಆಕಿ. ಮಂದಿ ತಪ್ಪು ತಪ್ಪು ಬಸ್ ಹತ್ತಿ ಬೈಕೋತ ಇಳದರು. ನಾನೂ ಅಲ್ಲೇ ಕುಂತಿದ್ದೆ. ಮ್ಯಾಲ ಹೋಗಿ ನೋಡಬೇಕಿತ್ತು. ಮೆಟ್ಟಲ ಹನ್ನೆರಡೋ ಹದಿಮೂರೋ ಇದ್ದವು, ಅಷ್ಟೇ."

ಮಧ್ಯಾಹ್ನ ಎರಡಕ್ಕೆ ನಾನು ತಟ್ಟೆ ನೋಡಿದೆ. ಔಷಧಿಯಿಲ್ಲದ ತಟ್ಟೆ ಅಂಚಿನವರೆಗೆ ತುಂಬಿ ಕೋಶಗಳು ಒಂದರ ಮೇಲೊಂದು ಹತ್ತಿದ್ದವು. ಮೊದಲನೆಯ ತಟ್ಟೆಯೂ ಹಾಗೆಯೇ, ಮೂರನೆಯದೂ ಹಾಗೆಯೇ. ಎರಡನೆಯದನ್ನು ನೋಡಲು ಧೈರ್ಯವಾಗದೆ ಹಾಗೆಯೇ ಬಾಗಿಲು ಹಾಕಿದೆ. ಮರುದಿನ ಬೆಳಿಗ್ಗೆ ಬಣ್ಣ ಹಾಕಿ ಎಣಿಸಿದರೆ ಮಾತ್ರ ಉತ್ತರ.

ಮೂರೂ ಮುಕ್ಕಾಲಿಗೆ ಕಸ್ತೂರೆವ್ವ ಏದುಸಿರು ಬಿಡುತ್ತ ನೇರ ಒಳಗೇ ಬಂದರು. "ಮೌನ್ಯಾ, ಇಂದೂಗ ಜ್ವರ ಏರೈತಿ, ಕಣ್ಣ ತೆಗಿಯವಲ್ಲಳು ಅಂತ ನರ್ಸ್ ಹೇಳಿದರು. ನಾಕಕ್ಕ ಬಾಗಲಾ ತೆಗಿತಾರ. ಬಾ."

ಮೌನೇಶಪ್ಪ ಎದ್ದು ನಿಂತರು. ನಾನು ಬಾಗಿಲಿಗೆ ಅಡ್ಡ ನಿಂತೆ. "ಈಗ ಎದ್ದು ಹೋದರ ಆರರೊಳಗ ನಾಕೂ ತಟ್ಟಿ ಸಾಯತಾವ. ಯಾವ ಔಷಧಿ ಕೊಂದಿದ್ದು, ಯಾವುದು ನೀವು ಹೋಗಿದ್ದಕ್ಕ ಸತ್ತಿದ್ದು ಅಂತ ಯಾರಿಗೂ ಗೊತ್ತಾಗಂಗಿಲ್ಲ. ಇನ್ನೊಂದು ಸೀಸೆ ಇಲ್ಲ."

"ನಾನು ಕೂಡ್ತೀನಿ. ನನ್ನ ತಂಗಿ ಅಲ್ಲೇನು?" ಎಂದರು ಕಸ್ತೂರೆವ್ವ.

"ನೀವು ಕುಂತರ ಸತ್ತಿದ್ದೂ ಎದ್ದು ಕೂಡತೈತ್ರಿ ಕಸ್ತೂರಕ್ಕ!" ಎಂದು ಕೂಗಿಬಿಟ್ಟೆ. ಆ ಬೆಂಚಿನ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು.

ಮೌನೇಶಪ್ಪ ಬಾಗಿಲನ್ನು, ಇನ್‌ಕ್ಯುಬೇಟರನ್ನು, ನನ್ನನ್ನು ನೋಡಿದರು. "ಇವತ್ತ ರಾತ್ರಿ ಆಕಿ ಹೋದರ?" ಎಂದು ಕೇಳಿದರು.

"ಹೋಗಂಗಿಲ್ಲ ಅಂತ ನಾ ಹೇಳಲಾರೆ," ಎಂದೆ.

ಅವರು ಕೂತರು. ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡರು. "ನೀ ಹೋಗು ಕಸ್ತೂರಿ. ನಾ ಕುಂತೀನಿ ಅಂತ ಹೇಳು. ಎಲ್ಲಿ ಕುಂತೀನಿ ಅಂತನೂ ಹೇಳು." ಆಮೇಲೆ ನನಗೆ, "ಕಿಟಕಿ ತೆಗೀರಿ," ಎಂದರು. ತೆಗೆದೆ. ಮುಚ್ಚಿಡುವುದರಿಂದ ಇನ್ನು ಲಾಭವೇನೂ ಇರಲಿಲ್ಲ. ಐದೂವರೆಯ ಬಸ್ಸು ಎರಡನೆಯ ಅಂಕಣದಿಂದ ಹೊರಡಲಿದೆ ಎಂದು ಇಂದುಮತಿಯವರ ದನಿ ಬಂತು. ಅವರು ಕಣ್ಣು ತೆರೆಯದೆ ಕೇಳಿಸಿಕೊಂಡರು.

ಶನಿವಾರ ಏಳು ಗಂಟೆಗೆ ನಾನು ತಟ್ಟೆಗಳಿಗೆ ನೀಲಿ ಬಣ್ಣ ಹಾಕಿದೆ. ಸತ್ತ ಕೋಶಗಳು ನೀಲಿಯಾಗುತ್ತವೆ, ಬದುಕಿದವು ಬೆಳ್ಳಗೇ ಉಳಿಯುತ್ತವೆ. ಔಷಧಿಯಿಲ್ಲದ ತಟ್ಟೆ ಬೆಳ್ಳಗಿತ್ತು. ಮೊದಲನೆಯದು ಬೆಳ್ಳಗಿತ್ತು, ಮೂರನೆಯದೂ. ಎರಡನೆಯ ತಟ್ಟೆಯಲ್ಲಿ ಕಣ್ಣು ಹಾಯಿಸಿದಷ್ಟೂ ನೀಲಿ. ಕಸ್ತೂರೆವ್ವ ಮೊದಲ ಗಳಿಗೆಯಿಂದಲೇ ಜೋಗುಳ ಹಾಡಿದ್ದರು. ಮೌನೇಶಪ್ಪ ಕರಗಿದ್ದು ಮೂರನೆಯ ದಿನ. ಅವರ ಹದಿನಾರು ವರ್ಷದ ಸಿಟ್ಟು ಬೆಂಚಿನ ಮೇಲೆ ಎರಡು ದಿನ ಬಾಳಿಕೆ ಬಂದಿತ್ತು. ಎರಡನೆಯ ಔಷಧಿಗೆ ಬೇಕಾಗಿದ್ದೂ ಅಷ್ಟೇ. ಡಾ. ಹಂಪಿಹೊಳಿ ತಾವೇ ಇನ್ನೊಮ್ಮೆ ಎಣಿಸಿ ಆಸ್ಪತ್ರೆಗೆ ಫೋನ್ ಮಾಡಿದರು. ಇಂದುಮತಿಯವರ ಜ್ವರ ಬೆಳಗಿನ ಜಾವ ಇಳಿದಿತ್ತು.

ನಾಲ್ಕಕ್ಕೆ ವಾರ್ಡಿನ ಬಾಗಿಲು ತೆರೆದಾಗ ನಾನೂ ಹೋದೆ, ಮಾದಲಿಯ ಡಬ್ಬಿ ಹಿಂತಿರುಗಿಸಬೇಕಿತ್ತು. ಮೌನೇಶಪ್ಪ ಹಾಸಿಗೆಯ ಕಾಲಿನ ಕಡೆ ನಿಂತು ಚಪ್ಪಲಿ ನೋಡುತ್ತಿದ್ದರು. ಇಂದುಮತಿ ಕಣ್ಣು ತೆರೆದು ಸ್ವಲ್ಪ ಹೊತ್ತು ಅವರನ್ನೇ ನೋಡಿ, ಇದ್ದ ಉಸಿರನ್ನೆಲ್ಲ ಕೂಡಿಸಿ ಮೈಕಿನ ದನಿ ತೆಗೆದರು. "ಪ್ರಯಾಣಿಕರ ಗಮನಕ್ಕೆ. ಹದಿನಾರು ವರ್ಷ ತಡವಾಗಿ ಬಂದಿರುವ ಮೌನೇಶ ಪತ್ತಾರ ಅವರು ಕುರ್ಚಿ ಎಳೆದುಕೊಂಡು ಕೂಡಬೇಕು."

"ಇಲ್ಲೂ ಮೈಕೇನು? ಮೆಟ್ಟಲ ಇಳದು ಬಂದು ಹೇಳಬೇಕಿತ್ತು ನೀ."

"ನೀ ಹತ್ತಿ ಬರಬೇಕಿತ್ತು."

"ನಾನು ಯಾಕ ಹತ್ತಲಿ? ಗಂಡಸೂರು ಅಳಕೋತ ಮೆಟ್ಟಲ ಹತ್ತತಾರೇನು?"

"ಮತ್ತ ಹೆಂಗಸೂರಿಗೆ ಅಳಕೋತ ಇಳಿಯಾಕ ಬರತೈತೇನು? ನನ್ನ ಕಾಲು ಎದ್ದಿರಲಿಲ್ಲೋ ಖೋಡಿ!"

ಕಸ್ತೂರೆವ್ವ ಇಬ್ಬರಿಗೂ ಸುಮ್ಮನಿರಲು ಹೇಳುತ್ತ ಇಬ್ಬರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದರು. ಹಿರಿಯ ನರ್ಸ್ ಮೂವರನ್ನೂ ಒಂದೇ ಮಾತಿನಲ್ಲಿ ಗದರಿ, ಮೌನೇಶಪ್ಪನವರನ್ನು ಪಕ್ಕಕ್ಕೆ ಸರಿಸಿ, ನಾಲ್ಕೂಕಾಲಿಗೆ ಎರಡನೆಯ ಔಷಧಿಯ ಬಾಟಲಿಯನ್ನು ಕೊಕ್ಕೆಗೆ ತೂಗುಹಾಕಿದರು.